ಅಂಗಡಿಯ ಲಾಂಗ್‌ಬುಕ್‌ನಲ್ಲಿ 400 ಜನರ ಪಾಸ್‌ವರ್ಡ್ ಇದೆ, ಏನು ಮಾಡಲಿ?

ಹೋಬಳಿ ಜೆರಾಕ್ಸ್ · ಸೋಮವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಹೋಬಳಿ ಊರಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ಒಂಬತ್ತು ವರ್ಷ ಆಯ್ತು. ಪಹಣಿ, ಜಾತಿ-ಆದಾಯ, ಸ್ಕಾಲರ್‌ಶಿಪ್, ಕಾಲೇಜು ಪ್ರವೇಶದ ಅರ್ಜಿ, ಪಿಎಫ್, ರೈಲು ಟಿಕೆಟ್ ಎಲ್ಲ ಇಲ್ಲೇ.

ಗಲ್ಲಾಪೆಟ್ಟಿಗೆ ಪಕ್ಕ 200 ಪುಟದ ಒಂದು ಲಾಂಗ್‌ಬುಕ್ ಇದೆ. ಗಿರಾಕಿ ಹೆಸರು, ಯೂಸರ್ ಐಡಿ, ಪಾಸ್‌ವರ್ಡ್ ಎಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ಸುಮಾರು 400 ಜನರದ್ದು. ಜನ ಮರೆತು ಮರೆತು ಬರ್ತಾರೆ, ಪ್ರತಿ ಸಲ ರೀಸೆಟ್ ಮಾಡ್ತಾ ಕೂತರೆ ಹಿಂದೆ ಹತ್ತು ಜನ ಸಾಲಲ್ಲಿ ನಿಂತಿರ್ತಾರೆ, ಅದಕ್ಕೆ ಈ ಏರ್ಪಾಟು. ಪಾಸ್‌ವರ್ಡ್ ಕೂಡ ಎಲ್ಲರಿಗೂ ಒಂದೇ ಥರ: ಅವರ ಹೆಸರು, ಅಟ್ ಗುರುತು, 123. ಯಾರ ಹತ್ತಿರ ಸರಿಯಾದ ಫೋನ್ ಇರಲಿಲ್ಲವೋ ಅವರಿಗೆ ನನ್ನದೇ ನಂಬರ್ ಹಾಕಿದ್ದೇನೆ.

ಎರಡು ವಾರದ ಹಿಂದೆ ಒಬ್ಬ ಹುಡುಗಿಯ ಪ್ರವೇಶದ ಅರ್ಜಿಯಲ್ಲಿ ಕಾಲೇಜುಗಳ ಕ್ರಮ ಬದಲಾಗಿತ್ತು. ಕೊನೇ ದಿನದ ಹಿಂದಿನ ರಾತ್ರಿ. ಅವಳ ಕ್ಲಾಸಿನ ಹುಡುಗನೊಬ್ಬ ತನ್ನ ಪಾಸ್‌ವರ್ಡ್ ಹೇಗಿದೆ ಅಂತ ನೋಡಿಕೊಂಡು, ಅವಳದ್ದೂ ಹಾಗೇ ಇರುತ್ತೆ ಅಂತ ಹೊಡೆದು ನೋಡಿದ್ದಾನೆ, ತೆರೆದಿದೆ. ಮೆಸೇಜ್ ಬಂದಿದ್ದು ನನ್ನ ಫೋನಿಗೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ ನೋಡಿದೆ. ಮಧ್ಯಾಹ್ನದೊಳಗೆ ಕರೆಸಿ ಸರಿಮಾಡಿದೆವು, ಸೀಟಿಗೆ ತೊಂದರೆ ಆಗಲಿಲ್ಲ. ಆದರೆ ಅವಳು ಒಂದು ಮಾತು ಕೇಳಿದಳು: "ಅಣ್ಣ, ನನ್ನ ಪಾಸ್‌ವರ್ಡ್ ಏನು ಅಂತ ನಂಗೇ ಗೊತ್ತಿರಲಿಲ್ಲ. ಅವನಿಗೆ ಹೇಗೆ ಗೊತ್ತಾಯ್ತು?"

ಉತ್ತರ ಕೊಡಕ್ಕೆ ಆಗಲಿಲ್ಲ. ತಪ್ಪು ನನ್ನದೇ. ಈಗ ಈ ಪುಸ್ತಕ ಏನು ಮಾಡಲಿ, ಈ 400 ಜನಕ್ಕೆ ಏನು ಮಾಡಲಿ, ತಿಳಿದವರು ಹೇಳಿ.

ನಿವೃತ್ತ ಕ್ಯಾಷಿಯರ್ · ಸೋಮವಾರ, ರಾತ್ರಿ 10:40

ಇಷ್ಟನ್ನ ನಾಲ್ಕು ಜನರ ಮುಂದೆ ಬಂದು ಹೇಳಿದಿರಲ್ಲ, ಅದು ದೊಡ್ಡದು. ನಾನು 34 ವರ್ಷ ಬ್ಯಾಂಕಿನಲ್ಲಿದ್ದವಳು. ಎಟಿಎಂ ಬಂದ ಹೊಸದರಲ್ಲಿ ಕಾರ್ಡಿನ ಹಿಂಬದಿಯಲ್ಲೇ ಪಿನ್ ಬರೆದುಕೊಂಡು ಬರೋರು. ಬೈದರೆ "ನೀವೇ ಇಟ್ಟುಕೊಳ್ಳಿ ಮೇಡಂ, ನಮಗಿಂತ ನಿಮ್ಮ ಹತ್ರ ಸೇಫು" ಅನ್ನೋರು. ಜನ ನಂಬಿಕೆ ಇಟ್ಟು ಕೊಡ್ತಾರೆ. ಆದರೂ ಇಸಕೊಳ್ಳಬಾರದು. ನಾಳೆ ಏನೋ ಎಡವಟ್ಟಾದರೆ ಮೊದಲ ಅನುಮಾನ ನಿಮ್ಮ ಮೇಲೇ ಬರುತ್ತೆ, ಇಲ್ಲ ಅನ್ನಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇರಲ್ಲ.

ಪುಸ್ತಕ ಇವತ್ತು ರಾತ್ರಿಯೇ ಗಲ್ಲಾ ಪಕ್ಕದಿಂದ ತೆಗೆದು ಮನೆ ಬೀರುವಿಗೆ ಹಾಕಿ, ಬೀಗ ಹಾಕಿ. ಮಿಕ್ಕಿದ್ದು ನಾಳೆ.

ಕುಡ್ಲ ಕಡಲು · ಸೋಮವಾರ, ರಾತ್ರಿ 11:05

ಪುಸ್ತಕ ಸುಟ್ಟುಬಿಡಿ ಮಾರಾಯ್ರೆ. ಇನ್ನೇನು ಉಂಟು ಯೋಚನೆ ಮಾಡ್ಲಿಕ್ಕೆ?

ಉಪ್ಪು ಮತ್ತು ಹ್ಯಾಶ್ · ಸೋಮವಾರ, ರಾತ್ರಿ 11:31

ಈಗಲೇ ಸುಡಬೇಡಿ, ದಯವಿಟ್ಟು! ಸುಟ್ಟರೆ 400 ಜನ ತಮ್ಮ ಖಾತೆಯಿಂದ ಹೊರಗೆ ಬೀಳ್ತಾರೆ, ಅವರಲ್ಲಿ ಎಷ್ಟೋ ಜನರ ಒಟಿಪಿ ನಿಮ್ಮ ನಂಬರಿಗೇ ಬರೋದು. ಮೊದಲು ಖಾತೆಗಳು ಅವರವರ ಕೈಗೆ ಹೋಗಬೇಕು, ಆಮೇಲೆ ಪುಸ್ತಕ.

ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತೀನಿ. ನಿಮ್ಮ ಕಥೆ ಓದಿದಾಗ ಕಂಪ್ಯೂಟರ್ ಪಾಸ್‌ವರ್ಡಿನ ಮೊದಲ ಕಳ್ಳತನ ನೆನಪಾಯ್ತು. 1960ರ ದಶಕದ ಶುರುವಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನ ಬಹಳ ಜನ ಹಂಚಿಕೊಂಡು ಬಳಸೋ ವ್ಯವಸ್ಥೆ ಇತ್ತು. ಫರ್ನಾಂಡೋ ಕಾರ್ಬಟೋ ಅವರ ತಂಡ ಕಟ್ಟಿದ್ದು. ಯಾರ ಫೈಲು ಯಾರದ್ದು, ಯಾರಿಗೆ ಎಷ್ಟು ಹೊತ್ತು ಸಿಗಬೇಕು ಅಂತ ಬೇರೆ ಮಾಡಕ್ಕೆ ಪಾಸ್‌ವರ್ಡ್ ತಂದರು. 1962ರಲ್ಲಿ ಆಲನ್ ಶೆರ್ ಅನ್ನೋ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಕ್ಕ ನಾಲ್ಕು ಗಂಟೆ ಸಾಲಲಿಲ್ಲ. ಪಾಸ್‌ವರ್ಡ್‌ಗಳೆಲ್ಲ ಒಂದೇ ಫೈಲಲ್ಲಿದ್ದವು. ಅದನ್ನ ಪ್ರಿಂಟ್ ಮಾಡು ಅಂತ ಪಂಚ್ ಕಾರ್ಡ್ (ಆ ಕಾಲದಲ್ಲಿ ಕಂಪ್ಯೂಟರಿಗೆ ಆದೇಶ ಕೊಡೋ ತೂತಿನ ಕಾರ್ಡು) ಹಾಕಿದ, ಪ್ರಿಂಟ್ ಬಂತು, ತಗೊಂಡು ಹೋದ. ಬೀಗ ಒಡೆಯೋ ಕೆಲಸವೇ ಇರಲಿಲ್ಲ, ಎಲ್ಲರ ಕೀಲಿಗೊಂಚಲು ಒಂದೇ ಮೊಳೆಗೆ ನೇತು ಹಾಕಿತ್ತು.

ನಿಮ್ಮ ಲಾಂಗ್‌ಬುಕ್ಕೂ ಅದೇ ಮೊಳೆ. ಅದಕ್ಕೇ ಅದು ಇರಬಾರದು.

ನಾಳೆ ಅಂಗಡಿಯ ಕಂಪ್ಯೂಟರಲ್ಲಿ ಎರಡು ಕಡೆ ನೋಡಿ. ಕ್ರೋಮ್ "ಪಾಸ್‌ವರ್ಡ್ ಉಳಿಸಲಾ" ಅಂದಾಗೆಲ್ಲ ಹೂಂ ಅಂದಿದ್ದರೆ ಸೆಟ್ಟಿಂಗ್ಸಲ್ಲಿ ಎಲ್ಲರದ್ದೂ ಸಾಲಾಗಿ ಕೂತಿರುತ್ತೆ. ವಿಂಡೋಸಿಗೆ ಪಾಸ್‌ವರ್ಡ್ ಹಾಕಿರದಿದ್ದರೆ ಕಣ್ಣಿನ ಗುರುತು ಒತ್ತಿ ಯಾರು ಬೇಕಾದರೂ ಓದಬಹುದು. ಇನ್ನೊಂದು ಡೌನ್‌ಲೋಡ್ಸ್ ಫೋಲ್ಡರ್. ಎಷ್ಟು ಆಧಾರ್ ಪಿಡಿಎಫ್ ಇದೆ ಅಂತ ಎಣಿಸಿ ಹೇಳಿ.

ಹೋಬಳಿ ಜೆರಾಕ್ಸ್ · ಮಂಗಳವಾರ, ಬೆಳಿಗ್ಗೆ 9:48

ಎಣಿಸಿದೆ ಸರ್. 1,137 ಇದೆ. ಕ್ರೋಮಲ್ಲಿ 260 ಪಾಸ್‌ವರ್ಡ್. ವಿಂಡೋಸಿಗೆ ಪಾಸ್‌ವರ್ಡ್ ಇರಲಿಲ್ಲ, ಕೆಲಸದ ಹುಡುಗನೂ ಕೂತ್ಕೋತಾನೆ ಅಂತ ಹಾಕಿರಲಿಲ್ಲ. ಈಗ ಹಾಕಿದೆ. ಪಿಡಿಎಫ್ ಅಳಿಸ್ತಾ ಇದ್ದೇನೆ. ಆದರೆ ಆಧಾರ್ ಪಿಡಿಎಫಿಗೆ ಪಾಸ್‌ವರ್ಡ್ ಇದೆಯಲ್ಲ, ಅದು ಸಿಕ್ಕಿದರೂ ತೆರೆಯಕ್ಕೆ ಆಗಲ್ಲ ತಾನೇ?

ಪಿಯು ಗಣಿತ · ಮಂಗಳವಾರ, ಬೆಳಿಗ್ಗೆ 10:20

ಆ ಪಾಸ್‌ವರ್ಡ್ ಏನು ಅಂತ ಎಲ್ಲರಿಗೂ ಗೊತ್ತು ಸರ್. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜತೆಗೆ ಹುಟ್ಟಿದ ಇಸವಿ. ನಮ್ಮ ಕಡೆ ನಾಗರಾಜ, ನಾಗಮ್ಮ, ನಾಗರತ್ನ ಮೂವರಿಗೂ ಮೊದಲ ನಾಲ್ಕು ಅಕ್ಷರ ಒಂದೇ. ಮಂಜುನಾಥನಿಗೂ ಮಂಜುಳಾಗೂ ಒಂದೇ. ಫೈಲಿನ ಹೆಸರಲ್ಲೇ ಗಿರಾಕಿ ಹೆಸರು ಇಟ್ಟಿರ್ತೀರಿ, ಇನ್ನು ಉಳಿದಿದ್ದು ಇಸವಿ. ನೂರು ವರ್ಷ ಅಂದರೆ ನೂರೇ ಸಲ. ಕೈಯಲ್ಲೇ ಹೊಡೆದರೂ ಅರ್ಧ ಗಂಟೆ ಸಾಕು.

ನನಗೆ ಇದರಲ್ಲಿ ನಿಜವಾದ ಬೇಸರ ಬೇರೆ. ನಮ್ಮ ಜನ ಜೀವನದಲ್ಲಿ ಮೊದಲು ಕಾಣೋ ಪಾಸ್‌ವರ್ಡೇ ಇದು. ಹಾಗಾಗಿ ಪಾಸ್‌ವರ್ಡ್ ಅಂದರೆ ಹೆಸರು ಮತ್ತು ಇಸವಿ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಕ್ಲಾಸಲ್ಲಿ ಮಕ್ಕಳಿಗೆ ಕೇಳಿದರೆ ಮುಕ್ಕಾಲು ಜನ ಜನ್ಮದಿನ ಇಟ್ಟಿರ್ತಾರೆ. ತಾರೀಕು, ತಿಂಗಳು, ಇಸವಿ ಸೇರಿಸಿದರೆ ಎಂಟು ಅಂಕಿ, ಉದ್ದ ಇದೆ ಅನ್ನಿಸುತ್ತೆ. ಆದರೆ ನೂರು ವರ್ಷದಲ್ಲಿ ಇರೋ ದಿನಗಳೇ 36,525. ಅಷ್ಟು ಬಿಟ್ಟರೆ ಇನ್ನೊಂದು ಸಾಧ್ಯತೆ ಇಲ್ಲ.

ಧಾರವಾಡ ಮಳಿ · ಮಂಗಳವಾರ, ಮಧ್ಯಾಹ್ನ 1:15

ಒಂದು ಸಂಶಯ ಅದ ರೀ. ಎಟಿಎಂ ಪಿನ್ ನಾಕ ಅಂಕಿ. ಹತ್ತ ಸಾವಿರ ಅಷ್ಟ. ಅದು ನಡೀತದ ಅಂದ್ರ, ಇಲ್ಲಿ ಯಾಕ ಇಷ್ಟ ಉದ್ದ ಬೇಕು?

ಉಪ್ಪು ಮತ್ತು ಹ್ಯಾಶ್ · ಮಂಗಳವಾರ, ಮಧ್ಯಾಹ್ನ 2:02

ಒಳ್ಳೇ ಪ್ರಶ್ನೆ. ಪಿನ್ನಿಗೆ ಕಾವಲುಗಾರ ಇದ್ದಾನೆ. ಮೂರು ಸಲ ತಪ್ಪಾದರೆ ಬ್ಯಾಂಕು ಕಾರ್ಡನ್ನ ತಡೆಹಿಡಿಯುತ್ತೆ, ಜತೆಗೆ ಕಾರ್ಡ್ ಕೈಯಲ್ಲಿರಬೇಕು. ಹತ್ತು ಸಾವಿರದಲ್ಲಿ ಮೂರೇ ಅವಕಾಶ.

ಆದರೆ ಒಂದು ವೆಬ್‌ಸೈಟಿನ ಪಾಸ್‌ವರ್ಡ್ ಪಟ್ಟಿಯೇ ಕಳುವಾದರೆ ಕಾವಲುಗಾರನೇ ಇರಲ್ಲ. ಕಳ್ಳ ಮನೆಯಲ್ಲಿ ಕೂತು ತನ್ನ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಪ್ರಯತ್ನ ಮಾಡ್ತಾನೆ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಒಳ್ಳೇ ಸೈಟು ನಿಮ್ಮ ಪಾಸ್‌ವರ್ಡನ್ನ ಇದ್ದ ಹಾಗೇ ಇಟ್ಟುಕೊಳ್ಳಲ್ಲ. ರಾಗಿ ಬೀಸಿ ಹಿಟ್ಟು ಮಾಡಿ ಹಿಟ್ಟನ್ನ ಮಾತ್ರ ಇಟ್ಟುಕೊಳ್ಳುತ್ತೆ. ಇದಕ್ಕೇ ಹ್ಯಾಶ್ ಅನ್ನೋದು. ಹಿಟ್ಟಿಂದ ರಾಗಿ ವಾಪಸ್ ಬರಲ್ಲ. ನೀವು ಲಾಗಿನ್ ಆಗುವಾಗ ಮತ್ತೆ ಬೀಸಿ, ಹಿಟ್ಟು ಹೋಲುತ್ತಾ ನೋಡುತ್ತೆ. ಕಳ್ಳನೂ ಅದನ್ನೇ ಮಾಡ್ತಾನೆ: ಹೆಸರು-ಅಟ್-123 ಥರದ್ದನ್ನೆಲ್ಲ ತಾನೇ ಬೀಸಿ ಕದ್ದ ಹಿಟ್ಟಿನ ಪಕ್ಕ ಇಟ್ಟು ನೋಡ್ತಾನೆ. ಒಂದೇ ಪಾಸ್‌ವರ್ಡ್ ಇಟ್ಟ ಸಾವಿರ ಜನ ಒಂದೇ ಏಟಿಗೆ ಸಿಕ್ಕಿಬೀಳ್ತಾರೆ. ಹಾಗಾಗಬಾರದು ಅಂತ ಪ್ರತಿಯೊಬ್ಬರ ರಾಗಿಗೂ ಬೇರೆ ಬೇರೆ ಒಂದು ಚಿಟಿಕೆ ಉಪ್ಪು ಹಾಕಿ ಬೀಸೋದು. ಇದು ನನ್ನ ಹೋಲಿಕೆ ಅಲ್ಲ, ಆ ತಂತ್ರದ ಹೆಸರೇ ಸಾಲ್ಟ್. ಯುನಿಕ್ಸ್ ಅನ್ನೋ ಹಳೇ ಕಂಪ್ಯೂಟರ್ ವ್ಯವಸ್ಥೆಯ ಕಾಲದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಇನ್ನು ಬೀಸೋ ವೇಗ. ಹಳೇ ಹ್ಯಾಶ್‌ಗಳು ಕರೆಂಟ್ ಮಿಲ್ಲು ಇದ್ದ ಹಾಗೆ, ಸರ್ರನೆ ಬೀಸುತ್ತವೆ, ಕಳ್ಳನಿಗೂ ಸರ್ರನೆ. ಅದಕ್ಕೇ 1999ರಲ್ಲಿ ಬಿಕ್ರಿಪ್ಟ್, 2015ರ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2, ಇವನ್ನೆಲ್ಲ ಬೇಕೂಂತಲೇ ಬೀಸುಕಲ್ಲಿನ ಥರ ನಿಧಾನ ಮಾಡಿದ್ದಾರೆ.

ತೊಂದರೆ ಏನಂದರೆ, ನೀವು ಬಳಸೋ ಸೈಟು ಮಿಲ್ಲೋ ಬೀಸುಕಲ್ಲೋ ಹೊರಗಿಂದ ಕಾಣಲ್ಲ. ಕೆಲವರು ಬೀಸೋದೇ ಇಲ್ಲ. 2009ರ ಡಿಸೆಂಬರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಕಳುವಾದಾಗ ಎಲ್ಲವೂ ಓದೋ ಹಾಗೇ ಇದ್ದವು. ಅತಿ ಹೆಚ್ಚು ಜನ ಇಟ್ಟಿದ್ದು 123456, ಸುಮಾರು 2.9 ಲಕ್ಷ ಜನ. ಆ ಪಟ್ಟಿ ಇವತ್ತಿಗೂ ಪಾಸ್‌ವರ್ಡ್ ಒಡೆಯೋರ ಮೊದಲ ಪಠ್ಯಪುಸ್ತಕ. ಅದರಲ್ಲಿರೋದನ್ನ ಮೊದಲು ಹೊಡೆದು ನೋಡ್ತಾರೆ, ಆಮೇಲೆ ಎಯನ್ನ ಅಟ್ ಗುರುತು ಮಾಡೋದು, ಓ ಬದಲು ಸೊನ್ನೆ ಹಾಕೋದು, ಕೊನೆಗೆ 123 ಸೇರಿಸೋದು. ನಾವು ಜಾಣತನ ಅಂದುಕೊಂಡಿರೋದೆಲ್ಲ ಅವರ ಯಂತ್ರಕ್ಕೆ ಬಾಯಿಪಾಠ.

ಧಾರವಾಡ ಮಳಿ · ಮಂಗಳವಾರ, ಮಧ್ಯಾಹ್ನ 2:30

ಬೀಸುಕಲ್ಲ ಹೋಲಿಕಿಂದ ಛಲೋ ತಿಳೀತು ನೋಡ್ರಿ. ನಮ್ಮ ಆಫೀಸಿನಾಗ 45 ದಿನಕ್ಕೊಮ್ಮೆ ಬದಲು ಮಾಡು ಅಂತಾರ. ಎಲ್ಲಾರೂ ತಿಂಗಳ ಹೆಸರ ಹಾಕ್ಕೊಂಡ ಕುಂತಾರ. ಜನವರಿ ಆತು, ಮಾರ್ಚ್ ಆತು. ಇದರಿಂದ ಏನರ ಉಪಯೋಗ ಅದನೋ ಇಲ್ಲೋ?

ಮ್ಯೂನಿಕ್ ಮಲೆನಾಡು · ಮಂಗಳವಾರ, ಸಂಜೆ 6:55

ಇದಕ್ಕೆ ನಾನು ಹೇಳ್ತೀನಿ, ಈ ಕೆಲಸದಲ್ಲೇ ಇರೋದರಿಂದ. ಉಪಯೋಗಕ್ಕಿಂತ ಕೆಡುಕೇ ಜಾಸ್ತಿ. 2010ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಹೀಗೆ ಕಡ್ಡಾಯವಾಗಿ ಬದಲಿಸಿದ ಪಾಸ್‌ವರ್ಡ್‌ಗಳನ್ನ ಪರೀಕ್ಷೆ ಮಾಡಿದರು. ಹಳೇ ಪಾಸ್‌ವರ್ಡ್ ಗೊತ್ತಿದ್ದರೆ 17% ಖಾತೆಗಳಲ್ಲಿ ಹೊಸದನ್ನ ಐದಕ್ಕಿಂತ ಕಡಿಮೆ ಪ್ರಯತ್ನದಲ್ಲಿ ಊಹಿಸಬಹುದಿತ್ತು. ಜನವರಿ ಆದ ಮೇಲೆ ಮಾರ್ಚ್ ಬರುತ್ತೆ ಅಂತ ಯಾರಿಗೆ ಗೊತ್ತಿಲ್ಲ?

ಈ ನಿಯಮಗಳನ್ನ ಲೋಕಕ್ಕೆಲ್ಲ ಹಬ್ಬಿಸಿದ್ದು ಅಮೆರಿಕದಲ್ಲಿ ಮಾನದಂಡ ರೂಪಿಸೋ ಸರ್ಕಾರಿ ಸಂಸ್ಥೆ ನಿಸ್ಟ್‌ನ 2003ರ ಮಾರ್ಗಸೂಚಿ. ಅದನ್ನ ಬರೆದ ಬಿಲ್ ಬರ್ ಅವರೇ 2017ರಲ್ಲಿ, ನಿವೃತ್ತರಾದ ಮೇಲೆ, ತಾವು ಬರೆದದ್ದರ ಬಗ್ಗೆ ಪತ್ರಿಕೆಯೊಂದರ ಮುಂದೆ ವಿಷಾದ ಹೇಳಿಕೊಂಡರು. ಅದೇ ವರ್ಷ ನಿಸ್ಟ್ ಹೊಸ ಮಾರ್ಗಸೂಚಿ ತಂತು: ಸೋರಿದ ಸುಳಿವಿಲ್ಲದೆ ಬದಲಿಸು ಅನ್ನಬೇಡಿ, ಉದ್ದಕ್ಕೆ ಅವಕಾಶ ಕೊಡಿ, ಸೋರಿದ ಪಟ್ಟಿಗಳಲ್ಲಿ ಇರೋದನ್ನ ಇಡಕ್ಕೆ ಬಿಡಬೇಡಿ. ಆದರೆ ಆಫೀಸುಗಳಿಗೆ ಹಳೇ ಸುತ್ತೋಲೆ ಬಿಡಲು ಮನಸ್ಸಿಲ್ಲ. ನಿಮ್ಮ ಐಟಿ ವಿಭಾಗಕ್ಕೆ ಇದನ್ನ ತೋರಿಸಿ, ನಿಜವಾಗಿ ತೋರಿಸಿ.

ಕುಡ್ಲ ಕಡಲು · ಮಂಗಳವಾರ, ರಾತ್ರಿ 8:10

ಹಾಗಾದ್ರೆ ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಟ್ರೆ ಆಯ್ತಲ್ಲ? ಯಾವ ಕಳ್ಳನಿಗೆ ಕನ್ನಡ ಬರ್ತದೆ!

ಮ್ಯೂನಿಕ್ ಮಲೆನಾಡು · ಮಂಗಳವಾರ, ರಾತ್ರಿ 8:41

ಆಸೆ ನನಗೂ ಇದೆ, ಆದರೆ ಬೇಡ. "ಕೊ" ಅಂತ ಕಣ್ಣಿಗೆ ಒಂದೇ ಥರ ಕಾಣೋದು ಒಳಗೆ ಎರಡು ಥರ ಇರಬಹುದು. "ೊ" ಅನ್ನೋದೇ ಒಂದು ಸಂಕೇತ, ಅಥವಾ "ೆ" ಮತ್ತು "ೂ" ಎರಡು ಸಂಕೇತ ಸೇರಿ ಅದೇ ಆಕಾರ. ಸೈಟು ಎರಡನ್ನೂ ಒಂದೇ ಅಂತ ಸಮ ಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಫೋನಲ್ಲಿ ಇಟ್ಟಿದ್ದು ಕಂಪ್ಯೂಟರಲ್ಲಿ ತೆರೆಯಲ್ಲ. ಅಕ್ಷರ ಜೋಡಿಸೋ, ಬಿಡಿಸೋ ಕಣ್ಣಿಗೆ ಕಾಣದ ಸಂಕೇತಗಳ ಕಾಟ ಬೇರೆ. ನನಗಂತೂ ಇಂಗ್ಲಿಷ್ ಅಕ್ಷರದಲ್ಲೇ ಪೇಚಾಟ ಆಗಿದೆ. ಜರ್ಮನಿಗೆ ಬಂದ ಮೊದಲ ವಾರ ಗ್ರಂಥಾಲಯದ ಕಂಪ್ಯೂಟರಲ್ಲಿ ಪಾಸ್‌ವರ್ಡ್ ಮೂರು ಸಲ ತಪ್ಪಾಯ್ತು. ಇಲ್ಲಿನ ಕೀಲಿಮಣೆಯಲ್ಲಿ ವೈ ಇರೋ ಜಾಗದಲ್ಲಿ ಝಡ್ ಇದೆ, ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಬೀಳೋದು ಬರೀ ಚುಕ್ಕಿ, ತಪ್ಪು ಗೊತ್ತಾಗಲ್ಲ.

ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ಇದು ಒಳ್ಳೇದು. ಆದರೆ ಕಾಗುಣಿತ ಒಂದೇ ಇಟ್ಟುಕೊಳ್ಳಿ. "ಹುಣಸೆ"ಗೆ ಇವತ್ತು ಒಂದು ಥರ ನಾಳೆ ಒಂದು ಥರ ಬರೆದರೆ ನೀವೇ ಹೊರಗೆ.

ಪಿಯು ಗಣಿತ · ಮಂಗಳವಾರ, ರಾತ್ರಿ 9:30

ಯಾವ ಮಾತು ಅನ್ನೋದೂ ಮುಖ್ಯ. ಗಾದೆ, ವಚನದ ಸಾಲು, ಸಿನಿಮಾ ಹಾಡು ಇಡೋರಿದ್ದಾರೆ. ಅವೆಲ್ಲ ಹೊರಗೆ ಬರೆದಿಟ್ಟ ಮಾತು, ಯಂತ್ರ ಅವನ್ನೂ ಓದಿರುತ್ತೆ. ನಾವೇ "ಮನಸ್ಸಿಗೆ ಬಂದಿದ್ದು" ಅಂತ ಆರಿಸಿದರೂ ಮನೆ ದೇವರು, ಮಗಳ ಹೆಸರು, ಊರು ಇಷ್ಟೇ ಬರೋದು.

ಇದಕ್ಕೆ ದಾಳ ಹಾಕಿ ಪದ ಆರಿಸೋ ಪದ್ಧತಿ ಇದೆ. 1995ರಲ್ಲಿ ಅರ್ನಾಲ್ಡ್ ರೈನ್‌ಹೋಲ್ಡ್ ಅನ್ನೋರು ಮಾಡಿದ್ದು, ಡೈಸ್‌ವೇರ್ ಅಂತಾರೆ. 7,776 ಪದಗಳ ಪಟ್ಟಿ. ಯಾಕೆ ಅಷ್ಟೇ ಅಂದರೆ ಆರು ಮುಖದ ದಾಳವನ್ನ ಐದು ಸಲ ಹಾಕಿದರೆ ಅಷ್ಟು ಸಾಧ್ಯತೆ. ಐದು ಸಲ ಹಾಕಿ, ಬಂದ ಅಂಕಿಯ ಮುಂದಿನ ಪದ ಬರಕೋಬೇಕು. ಹೀಗೆ ನಾಲ್ಕು ಪದ ಅಂದರೆ 36 ಕೋಟಿ ಕೋಟಿಗೂ ಮೇಲೆ ಸಾಧ್ಯತೆ. ಕಳ್ಳನ ಯಂತ್ರ ಮಿಲ್ಲಿನ ವೇಗದಲ್ಲಿ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಪ್ರಯತ್ನ ಮಾಡುತ್ತೆ ಅಂತ ಲೆಕ್ಕ ಹಿಡಿಯಿರಿ. ಎಲ್ಲವನ್ನೂ ನೋಡಿ ಮುಗಿಸಕ್ಕೆ ಸುಮಾರು ಹತ್ತು ಗಂಟೆ. ಗಾಬರಿ ಆಗುತ್ತಲ್ಲ? ಐದು ಪದ ಮಾಡಿ, ಅದೇ ಯಂತ್ರಕ್ಕೆ ಒಂಬತ್ತು ವರ್ಷ. ಆರು ಪದಕ್ಕೆ ಸುಮಾರು 70 ಸಾವಿರ ವರ್ಷ. ಒಂದೊಂದು ಪದ ಕೂಡಿಸಿದಾಗ ಎಷ್ಟು ಪಟ್ಟು ಬೆಳೆಯುತ್ತೆ ನೋಡಿ. ಅರ್ಥವಾಗದ ಗುರುತು ತುರುಕೋದಕ್ಕಿಂತ ಒಂದು ಪದ ಹೆಚ್ಚು ಮಾಡೋದು ಎಷ್ಟೋ ಮೇಲು.

ನಿವೃತ್ತ ಕ್ಯಾಷಿಯರ್ · ಮಂಗಳವಾರ, ರಾತ್ರಿ 9:52

ನಮ್ಮ ಮನೇಲಿ ಚೌಕಾಬಾರದ ಕವಡೆ ಇದೆ, ದಾಳ ಇಲ್ಲ. ಕವಡೆ ಹಾಕಿದರೆ ಆಗಲ್ವಾ?

ಪಿಯು ಗಣಿತ · ಮಂಗಳವಾರ, ರಾತ್ರಿ 10:25

ಮೇಡಂ, ಈ ಪ್ರಶ್ನೆ ಬಂದಿದ್ದು ಬಹಳ ಖುಷಿ ಆಯ್ತು, ನಾಳೆ ಕ್ಲಾಸಲ್ಲೂ ಇದನ್ನೇ ಹೇಳಿಕೊಡ್ತೀನಿ. ನಾಲ್ಕು ಕವಡೆ ಹಾಕಿ ಎಷ್ಟು ಬಾಯಿ ಮೇಲೆ ಅಂತ ಎಣಿಸಿದರೆ ಆಗಲ್ಲ. ಎರಡು ಬೀಳೋದು ಜಾಸ್ತಿ, ನಾಲ್ಕೂ ಬೀಳೋದು ಅಪರೂಪ. ಅದಕ್ಕೇ ತಾನೇ ಆಟದಲ್ಲಿ ಚೌಕ ಬಿದ್ದರೆ ಕೂಗೋದು. ಜತೆಗೆ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಎರಡು ಕಡೆಗೂ ಸಮವಾಗಿ ಬೀಳಲ್ಲ.

ಆದರೆ ವಾನ್ ನಾಯ್ಮನ್ ಅನ್ನೋ ಗಣಿತಜ್ಞರು 1951ರಲ್ಲಿ ಒಂದು ಉಪಾಯ ಹೇಳಿದ್ದಾರೆ. ಒಂದೇ ಕವಡೆಯನ್ನ ಎರಡು ಸಲ ಹಾಕಿ. ಮೊದಲು ಬಾಯಿ ಆಮೇಲೆ ಬೆನ್ನು ಬಿದ್ದರೆ ಒಂದು ಅಂತ ಬರಕೊಳ್ಳಿ, ಮೊದಲು ಬೆನ್ನು ಆಮೇಲೆ ಬಾಯಿ ಬಿದ್ದರೆ ಸೊನ್ನೆ. ಎರಡು ಸಲವೂ ಒಂದೇ ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಿ. ಕವಡೆ ಎಷ್ಟೇ ಡೊಂಕಿರಲಿ, ಒಂದೂ ಸೊನ್ನೆಯೂ ಸಮಸಮ ಬರುತ್ತೆ, ಯಾಕಂದರೆ ಆ ಎರಡು ಕ್ರಮದ ಸಾಧ್ಯತೆ ಒಂದೇ. ತಾಳ್ಮೆ ಬೇಕು ಅಷ್ಟೇ. ಇಲ್ಲಾಂದರೆ ಮೊಮ್ಮಕ್ಕಳ ಹಾವು-ಏಣಿ ಡಬ್ಬದಲ್ಲಿ ದಾಳ ಹುಡುಕಿ.

ಹೋಬಳಿ ಜೆರಾಕ್ಸ್ · ಬುಧವಾರ, ಬೆಳಿಗ್ಗೆ 7:05

ರಾತ್ರಿ ಎಲ್ಲ ಓದಿದೆ, ನಿದ್ದೆ ಬರಲಿಲ್ಲ. ಒಂದು ಯೋಚನೆ ಬಂತು. 7,776 ಇಂಗ್ಲಿಷ್ ಪದ ನಮ್ಮ ಗಿರಾಕಿಗಳಿಗೆ ಆಗಲ್ಲ. ನಾನೇ 216 ಕನ್ನಡ ಪದದ ಒಂದು ಹಾಳೆ ಮಾಡಿದರೆ? ಮೂರು ಸಲ ದಾಳ ಹಾಕಿದರೆ ಒಂದು ಪದ. ಹುಣಸೆ, ಒರಳು, ಗುದ್ದಲಿ, ಕಣಜ, ಮೊರ, ಹಲಸು, ಕುಂಟೆ, ಗೂಟ... ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದ ಕಾಗುಣಿತ ಪ್ರಿಂಟ್ ಮಾಡಿಬಿಟ್ಟರೆ ಎಲ್ಲರೂ ಒಂದೇ ಥರ ಬರೀತಾರೆ. ಇದು ಸಾಕಾಗುತ್ತಾ?

ಉಪ್ಪು ಮತ್ತು ಹ್ಯಾಶ್ · ಬುಧವಾರ, ಬೆಳಿಗ್ಗೆ 8:15

ಬಹಳ ಚೆನ್ನಾಗಿದೆ. ಲೆಕ್ಕ ನೋಡೋಣ. ನಾಲ್ಕು ಪದಕ್ಕೆ 217 ಕೋಟಿ ಸಾಧ್ಯತೆ. ಕಾವಲುಗಾರ ಇರೋ ಸೈಟಿಗೆ, ಅಂದರೆ ಕೆಲವು ಸಲ ತಪ್ಪಾದರೆ ತಡೆಯೋ ಕಡೆ, ಬಾಗಿಲಲ್ಲಿ ನಿಂತು ಊಹಿಸೋರಿಗೆ ಇದು ದಾಟಲಾಗದ ಗೋಡೆ. ಪಟ್ಟಿ ಕಳುವಾಗಿ ಮಿಲ್ಲಿಗೆ ಸಿಕ್ಕರೆ ನಿಲ್ಲಲ್ಲ, ಅದನ್ನ ಮುಚ್ಚಿಡಬಾರದು. ಆದರೆ ಅಲ್ಲಿ ಇಟ್ಟ ಪಾಸ್‌ವರ್ಡ್ ಬೇರೆ ಎಲ್ಲೂ ಇಡದಿದ್ದರೆ ಹಾನಿ ಆ ಒಂದು ಖಾತೆಗೇ ನಿಲ್ಲುತ್ತೆ. ಆರು ಪದ ಮಾಡಿದರೆ ಒಂದು ಕೋಟಿ ಕೋಟಿ.

ಇ-ಮೇಲ್‌ಗೆ ಮಾತ್ರ ದೊಡ್ಡ ಪಟ್ಟಿಯಿಂದ ಆರು ಪದ ತೆಗೀರಿ, ಅದರ ಮೇಲೆ ಎರಡು ಹಂತದ ಪರಿಶೀಲನೆ ಹಾಕಿ. ಮಿಕ್ಕ ಎಲ್ಲ ಖಾತೆಗಳ "ಪಾಸ್‌ವರ್ಡ್ ಮರೆತೆ" ಲಿಂಕು ಬರೋದು ಅಲ್ಲಿಗೇ. ಕೆಲವು ಸೈಟು ದೊಡ್ಡಕ್ಷರ, ಅಂಕಿ, ಗುರುತು ಕೇಳುತ್ತವೆ. ಮೊದಲ ಅಕ್ಷರ ದೊಡ್ಡದು ಮಾಡಿ, ಕೊನೆಗೆ ಒಂದು ಅಂಕಿ, ಒಂದು ಗುರುತು. ಬಲ ಇರೋದು ಪದಗಳಲ್ಲಿ, ಇವು ಬಾಗಿಲು ದಾಟಕ್ಕೆ ಮಾತ್ರ. ಹದಿನೈದು ಅಕ್ಷರ ಮೀರಬಾರದು ಅನ್ನೋ ಸೈಟುಗಳೂ ಇವೆ, ಅಲ್ಲಿ ಪದ ಹಿಡಿಸಲ್ಲ, ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್ ತಯಾರಿಸಿ ಜೋಪಾನ ಮಾಡೋ ಆ್ಯಪಿಂದ ಕಲಸುಮೇಲೋಗರದ ಅಕ್ಷರ ತೆಗೆಯೋದೇ ದಾರಿ.

ಬಹಳ ಖಾತೆ ಇರೋ ಓದಿದ ಹುಡುಗರಿಗೆ ಬಿಟ್‌ವಾರ್ಡನ್ ಅಥವಾ ಕೀಪಾಸ್ ಅನ್ನೋ ಮ್ಯಾನೇಜರ್ ಹೇಳಿಕೊಡಿ, ಎರಡೂ ದುಡ್ಡಿಲ್ಲದೆ ಸಿಗುತ್ತವೆ. ಅದರ ಒಂದು ಮುಖ್ಯ ಪಾಸ್‌ವರ್ಡ್ ಮಾತ್ರ ನೆನಪಿದ್ದರೆ ಸಾಕು. ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಫೋನಲ್ಲೇ ಇರೋ ಕೀಲಿ, ಕೊಡೋ ಸೈಟಿದ್ದರೆ ಅದನ್ನೇ ತಗೊಳ್ಳಿ, ಬೆರಳಚ್ಚಲ್ಲಿ ಮುಗಿಯುತ್ತೆ, ಸುಳ್ಳು ಸೈಟಿಗೆ ಅದು ಕೆಲಸವೇ ಮಾಡಲ್ಲ.

ಹೋಬಳಿ ಜೆರಾಕ್ಸ್ · ಬುಧವಾರ, ಬೆಳಿಗ್ಗೆ 8:30

ವಯಸ್ಸಾದವರು ಎಲ್ಲಿ ನೆನಪಿಟ್ಟುಕೊಳ್ತಾರೆ ಸರ್? ಬರೆದುಕೊಡಲೇಬೇಕು. ಬರೀಬಾರದು ಅಂತಾರಲ್ಲ.

ನಿವೃತ್ತ ಕ್ಯಾಷಿಯರ್ · ಬುಧವಾರ, ಬೆಳಿಗ್ಗೆ 9:10

ಬರೀಬಾರದು ಅಂತ ನಾವು ಬ್ಯಾಂಕಲ್ಲಿ ಹೇಳಿದ್ದು ಪಿನ್ನಿಗೆ, ಒಟಿಪಿಗೆ. ಅದು ಇವತ್ತಿಗೂ ಹಾಗೇ, ಯಾವ ಕಾಗದದಲ್ಲೂ ಇರಬಾರದು, ಯಾರಿಗೂ ಹೇಳಬಾರದು. ಯುಪಿಐ ಪಿನ್ ದುಡ್ಡು ಕಳಿಸಕ್ಕೆ ಮಾತ್ರ ಬೇಕು, ದುಡ್ಡು ಬರಕ್ಕೆ ಬೇಡ ಅನ್ನೋದನ್ನ ಗೋಡೆ ಮೇಲೆ ದಪ್ಪಕ್ಷರದಲ್ಲಿ ಅಂಟಿಸಿ. ಪಕ್ಕದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930 ಬರೀರಿ. ದುಡ್ಡು ಹೋದ ಗಳಿಗೆಯಲ್ಲೇ ಆ ನಂಬರಿಗೆ ಫೋನ್ ಮಾಡಿದರೆ ತಡೆಯೋ ಅವಕಾಶ ಇರುತ್ತೆ, ಮಾರನೇ ದಿನಕ್ಕೆ ಅದು ಹತ್ತು ಖಾತೆ ದಾಟಿರುತ್ತೆ.

ಆದರೆ ಸ್ಕಾಲರ್‌ಶಿಪ್ ಪಾಸ್‌ವರ್ಡ್ ಮನೆ ಟ್ರಂಕಿನಲ್ಲಿ ಒಂದು ಚೀಟಿಯಲ್ಲಿದ್ದರೆ ಯಾರು ಕದೀತಾರೆ? ದೂರ ದೇಶದ ಕಳ್ಳ ಟ್ರಂಕು ತೆರೆಯಕ್ಕೆ ಬರಲ್ಲ.

ಉಪ್ಪು ಮತ್ತು ಹ್ಯಾಶ್ · ಬುಧವಾರ, ಬೆಳಿಗ್ಗೆ 9:25

ಮೇಡಂ ಹೇಳಿದ್ದೇ ಸರಿ. ಈ ಕ್ಷೇತ್ರದ ದೊಡ್ಡ ಹೆಸರು ಬ್ರೂಸ್ ಶ್ನೈಯರ್ 2005ರಲ್ಲೇ ಹೇಳಿದ್ದರು: ಗಟ್ಟಿ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ, ಬೆಲೆಬಾಳೋ ಕಾಗದ ಜೋಪಾನ ಮಾಡೋದು ಜನಕ್ಕೆ ಗೊತ್ತು ಅಂತ. ಒಬ್ಬರ ಚೀಟಿ ಒಬ್ಬರ ಮನೆಯಲ್ಲಿ. ನಿಮ್ಮ ಲಾಂಗ್‌ಬುಕ್ಕಿಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ, ಆದರೆ ಅದೇ ಎಲ್ಲ.

ಮರೆಯಬೇಡಿ, ನಿಮ್ಮ ನಂಬರ್ ಹಾಕಿರೋ ಖಾತೆಗಳನ್ನ ಮೊದಲು ಮುಗಿಸಿ. ಬಳಸದೆ ನಿಂತು ಹೋದ ಪ್ರಿಪೇಯ್ಡ್ ನಂಬರು 90 ದಿನದ ನಂತರ ಬೇರೆಯವರಿಗೆ ಹೋಗಬಹುದು. ಆಮೇಲೆ ಒಟಿಪಿ ಯಾರ ಕೈಗೋ.

ಹೋಬಳಿ ಜೆರಾಕ್ಸ್ · ಎಂಟು ದಿನದ ನಂತರ, ಗುರುವಾರ, ರಾತ್ರಿ 9:20

ಹೇಳಬೇಕು ಅನ್ನಿಸಿತು, ಅದಕ್ಕೆ ಬರೀತಿದ್ದೇನೆ. 216 ಪದದ ಹಾಳೆ ತಯಾರಾಯ್ತು, ಪಿಯು ಗಣಿತ ಸರ್ ತಿದ್ದಿಕೊಟ್ಟರು. ದಾಳ ಒಂದು ಸ್ಟೀಲ್ ಲೋಟದಲ್ಲಿ ಇಟ್ಟಿದ್ದೇನೆ. ಮಾನಿಟರನ್ನ ಗಿರಾಕಿ ಕಡೆ ತಿರುಗಿಸಿ, ಕೀಬೋರ್ಡ್ ಅವರ ಮುಂದೆ ಇಡ್ತೇನೆ. ಬೇರೆಯವರ ಕೆಲಸವೆಲ್ಲ ಈಗ ಕ್ರೋಮಿನ ಗೆಸ್ಟ್ ಕಿಟಕಿಯಲ್ಲೇ, ಮುಚ್ಚಿದರೆ ಪಾಸ್‌ವರ್ಡ್, ಲಾಗಿನ್ ಯಾವುದೂ ಉಳಿಯಲ್ಲ. ಪಾಸ್‌ವರ್ಡ್ ಬದಲಾದ ಮೇಲೆ ಪುಸ್ತಕದಲ್ಲಿ ಅವರ ಸಾಲನ್ನ ಕತ್ತರಿಯಿಂದ ಕತ್ತರಿಸಿ ಅವರ ಕೈಗೇ ಕೊಡ್ತೇನೆ, ಹರಿದು ಹಾಕಿ ಅಂತ. ಪುಸ್ತಕ ಈಗ ಇಲಿ ತಿಂದ ಹಾಗೆ ಆಗಿದೆ. 143 ಜನ ಮುಗಿದರು. ಶನಿವಾರ ನಮ್ಮೂರ ಸಂತೆ, ಆವತ್ತು ಹಳ್ಳಿಯವರು ಬರ್ತಾರೆ.

ಹೆಚ್ಚು ಹೊತ್ತು ಹಿಡಿಯುತ್ತೆ, ಸಾಲಲ್ಲಿ ನಿಂತವರು ಗೊಣಗ್ತಾರೆ. ಒಬ್ಬ ಅಜ್ಜಿ ದಾಳ ಹಾಕಿ ಹಾಕಿ ಇನ್ನೊಂದು ಸಲ ಹಾಕ್ಲಾ ಅಂದರು. ಚೀಟಿಯನ್ನ ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲದ ಒಳಜೇಬಿಗೆ ಹಾಕಿಕೊಂಡು, ಮೇಲಿಂದ ಒಂದು ಸಲ ತಟ್ಟಿ ನೋಡಿಕೊಂಡು ಹೋದರು.

ಆ ಹುಡುಗಿ ನಿನ್ನೆ ಬಂದಿದ್ದಳು, ಅಪ್ಪನ ಜತೆ. ಅಪ್ಪನದೇ ಹೊಸ ಸಿಮ್, ಅದನ್ನೇ ಖಾತೆಗೆ ಹಾಕಿದೆವು. ಹಾಳೆ ಮುಂದಿಟ್ಟು ದಾಳ ಕೊಟ್ಟೆ. ಮೊದಲ ಪದ ಬಂತು, ಬರೆದುಕೊಂಡಳು. ನಾನು ರೂಢಿಯಲ್ಲಿ ಹಾಳೆ ಕಡೆ ಬಗ್ಗಿದೆ. ಅವಳು ಕೈ ಅಡ್ಡ ಇಟ್ಟು, "ಅಣ್ಣ, ನೀವು ಆ ಕಡೆ ತಿರುಗಿ" ಅಂದಳು.

ಜೆರಾಕ್ಸ್ ಮೆಷಿನ್ ಕಡೆ ತಿರುಗಿ ನಿಂತೆ. ಲೋಟದಲ್ಲಿ ದಾಳ ಅಲುಗೋ ಸದ್ದು ಇನ್ನೂ ಒಂಬತ್ತು ಸಲ ಕೇಳಿಸಿತು.